ಬೀದಿ ಕಡೆಯ ಗೋಡೆ

ನಮ್ಮ ಊರಿನಲ್ಲಿ ಬೆಳಿಗ್ಗೆ ಎದ್ದವರು ಮೊದಲು ನೋಡುವುದು ಅಂಗೈಯನ್ನಲ್ಲ, ಗೋಡೆಯನ್ನು. ಮಲಗುವಾಗ ಪಡಸಾಲೆಯಲ್ಲಿದ್ದ ಬಾಗಿಲು ಏಳುವಷ್ಟರಲ್ಲಿ ಅಡುಗೆಮನೆಯ ಒಲೆಯ ಹಿಂದೆ ಇರಬಹುದು, ಹಿತ್ತಲ ಕಡೆ ಹೋಗಿರಬಹುದು, ಬಚ್ಚಲಲ್ಲಿ ಹಂಡೆಯ ಪಕ್ಕ ಸ್ನಾನಕ್ಕೆ ಬಂದವರ ಹಾಗೆ ನಿಂತಿರಬಹುದು. ಹೊಸಿಲು, ಚೌಕಟ್ಟು, ಚಿಲಕ, ಒಣಗಿದ ತೋರಣ, ಎಲ್ಲವೂ ಅದರ ಜೊತೆಗೇ ಹೋಗುತ್ತವೆ. ಅದು ಹೋಗುವುದನ್ನು ಕಂಡವರಿಲ್ಲ. ನೋಡುವ ಕಣ್ಣಿದ್ದರೆ ಬಾಗಿಲು ಕದಲುವುದಿಲ್ಲ.

ಹಾಗಾಗಿ ನಾವು ಗೋಡೆಗೆ ಏನನ್ನೂ ತೂಗುಹಾಕುವುದಿಲ್ಲ. ಕ್ಯಾಲೆಂಡರು, ಕನ್ನಡಿ, ತೀರಿಕೊಂಡವರ ಫೋಟೊ ಎಲ್ಲವೂ ಮಾಡಿನಿಂದ ಹಗ್ಗದಲ್ಲಿ ಇಳಿಬಿದ್ದಿರುತ್ತವೆ. ಗಾಳಿ ಬೀಸಿದರೆ ನಮ್ಮ ತಾತ ನಿಧಾನವಾಗಿ ತಿರುಗಿ ಬೆನ್ನು ತೋರಿಸುತ್ತಾರೆ. ಯಾರ ಮನೆಗೆ ಹೋದರೂ ಬಡಿಯುವ ಮೊದಲು ಮನೆಯ ಸುತ್ತ ಒಂದು ಸುತ್ತು ಬರುತ್ತೇವೆ. ಬೇರೆ ಊರುಗಳಲ್ಲಿ ದಾರಿಯಲ್ಲಿ ಸಿಕ್ಕವರು ‘ಊಟ ಆಯ್ತಾ’ ಅನ್ನುತ್ತಾರಂತೆ. ನಮ್ಮಲ್ಲಿ ‘ಇವತ್ತು ಯಾವ ಕಡೆ?’ ಎಂದು ಕೇಳುತ್ತಾರೆ. ಹೊಸ ಸೊಸೆ ಸೇರು ಒದ್ದು ಮನೆ ತುಂಬುವ ದಿನ ಯಾರಾದರೊಬ್ಬರು ಬೆಳಗಿನಿಂದ ಬಾಗಿಲನ್ನೇ ದಿಟ್ಟಿಸುತ್ತ ಕೂತಿರಬೇಕು. ನಮ್ಮ ಚಿಕ್ಕಪ್ಪನ ಮದುವೆಯಲ್ಲಿ ಆ ಕೆಲಸ ವಹಿಸಿಕೊಂಡಿದ್ದ ಅಳಿಯ ತೂಕಡಿಸಿಬಿಟ್ಟ. ಚಿಕ್ಕಮ್ಮ ಕೊಟ್ಟಿಗೆಯೊಳಗಿಂದ, ಎಮ್ಮೆಯನ್ನು ದಾಟಿಕೊಂಡು ಒಳಗೆ ಬಂದಳು. ಇವತ್ತಿಗೂ ಜಗಳವಾದಾಗಲೆಲ್ಲ ಅವಳು ಆ ಎಮ್ಮೆಯಿಂದಲೇ ಶುರುಮಾಡುತ್ತಾಳೆ.

ನಮ್ಮದು ಹಿಟ್ಟಿನ ಗಿರಣಿ. ಗಿರಣಿಯೂ ಅದೇ, ಮನೆಯೂ ಅದೇ. ನಡುವೆ ಒಂದು ಗೋಣಿಯ ಪರದೆ. ಅಪ್ಪ ಅಮ್ಮ ಹೋದಮೇಲೆ ಅಕ್ಕ ವಿಶಾಲಾಕ್ಷಿ ಅದನ್ನು ನಡೆಸಿದಳು. ನಾನು ಚೀಲ ಎತ್ತುತ್ತಿದ್ದೆ, ಬೆಲ್ಟು ಏರಿಸುತ್ತಿದ್ದೆ, ಅವಳು ಬೈದರೆ ಬೈಸಿಕೊಳ್ಳುತ್ತಿದ್ದೆ. ಬೀಸುವ ಕಲ್ಲು ಸವೆದು ನುಣುಪಾದರೆ ಹಿಟ್ಟು ಬಿಸಿಯಾಗಿ ಸುಟ್ಟ ವಾಸನೆ ಹೊಡೆಯುತ್ತದೆ. ಆಗ ಕಲ್ಲನ್ನು ಬಿಚ್ಚಿ ಉಳಿಯಿಂದ ಮತ್ತೆ ಗೆರೆ ಕಟೆಯಬೇಕು. ಆ ಕೆಲಸಕ್ಕೆ ಹೊರಗಿನಿಂದ ಬರುತ್ತಿದ್ದವನು ಮೌನೇಶ. ಯಾವ ಊರು ಎಂದರೆ ‘ಕಲ್ಲು ಇರೋ ಕಡಿ’ ಅನ್ನುತ್ತಿದ್ದ. ಉದ್ದ ಕೈ, ಕಡಿಮೆ ಮಾತು, ರೆಪ್ಪೆಯ ಮೇಲೆ ಯಾವಾಗಲೂ ಕಲ್ಲಿನ ಪುಡಿ. ಅವನ ಊರಿನ ಕಡೆ ಬಾಗಿಲುಗಳು ನಿಂತಲ್ಲೇ ನಿಲ್ಲುತ್ತವಂತೆ. ಅಜ್ಜ ಹಾಕಿದ ಬಾಗಿಲಿನಿಂದಲೇ ಮೊಮ್ಮಗನೂ ಹೊರಗೆ ಹೋಗುತ್ತಾನಂತೆ.

ಅದನ್ನು ಕೇಳಿದ ದಿನದಿಂದ ಅಕ್ಕನಿಗೆ ನಮ್ಮ ಊರಿನ ಬಗ್ಗೆ ನಾಚಿಕೆ ಹತ್ತಿಕೊಂಡಿತು. ಅವನು ಬರುತ್ತಾನೆಂದು ಸುದ್ದಿ ಬಂದರೆ ಬಸ್ಸು ನಿಲ್ಲುವಲ್ಲಿಗೇ ಹೋಗಿ ಕರೆತರುತ್ತಿದ್ದಳು. ಬಾಗಿಲು ಬೀದಿ ಕಡೆಯ ಗೋಡೆಯಲ್ಲಿದ್ದರೆ ಸರಿ. ಇಲ್ಲದಿದ್ದರೆ ಮಾತಾಡಿಸುತ್ತ ಮಾತಾಡಿಸುತ್ತ ಮನೆ ಬಳಸಿ ಕರೆದುಕೊಂಡು ಬಂದು, “ಇದು ನಮ್ಮ ಹಿಂಬಾಗಿಲು” ಎನ್ನುತ್ತಿದ್ದಳು. ಮುಂದಿನ ಸಲ ಅದು ಪಕ್ಕದ ಬಾಗಿಲಾಗುತ್ತಿತ್ತು.

“ಎಷ್ಟ್ ಬಾಗಲ ಅದಾವ್ರೀ ನಿಮ್ಮನಿಗೆ?” ಎಂದು ಅವನು ಒಂದು ಸಲ ಕೇಳಿದ.

“ನಮ್ಮಪ್ಪನಿಗೆ ಬಾಗಿಲು ಮಾಡಿಸೋ ಹುಚ್ಚಿತ್ತು,” ಎಂದಳು ಅಕ್ಕ. ನಾನು ಪರದೆಯ ಹಿಂದೆ ಹೋಗಿ ಬಾಯಿಗೆ ಟವೆಲ್ಲು ತುರುಕಿಕೊಂಡೆ.

ಕೊನೆಯ ಸಲ ಕಲ್ಲು ಕಟೆದು ಮುಗಿಸಿ ಉಳಿಗಳನ್ನು ಬಟ್ಟೆಯಲ್ಲಿ ಸುತ್ತುತ್ತ ಅವನು, “ಮುಂದಿನ ಸಲ ಹಿರಿಯರನ್ನ ಕರಕೊಂಡು ಬರ್ತೀನ್ರೀ” ಎಂದ.

“ಕಲ್ಲು ಕಟೆಯೋಕೆ ಹಿರಿಯರು ಯಾಕೆ?”

“ಕಲ್ಲಿಗಲ್ರೀ,” ಎಂದವನೇ ಮೆಟ್ಟು ಹುಡುಕುವ ನೆಪದಲ್ಲಿ ತಲೆ ಬಗ್ಗಿಸಿದ. ಮೆಟ್ಟು ಅವನ ಕಾಲಲ್ಲೇ ಇತ್ತು.

ಆ ಸಂಜೆ ಅಕ್ಕ ರಾಗಿಯ ಗಿರಾಕಿಗೆ ಗೋಧಿ ಹಿಟ್ಟು ಕಟ್ಟಿಕೊಟ್ಟಳು. ಅವರು ವಾಪಸು ತಂದುಕೊಟ್ಟಾಗ ನಕ್ಕಳು. ಅವಳು ಹಾಗೆ ನಗುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಯಾವತ್ತು ಬರುತ್ತೇನೆಂದು ಅವನು ಹೇಳಿರಲಿಲ್ಲ. ಬಂದ ದಿನ ಬಾಗಿಲು ಹಿತ್ತಲ ಕಡೆಗಿತ್ತು, ಹಬ್ಬದ ಮುಂಚಿನ ದಿನವಾದ್ದರಿಂದ ಗಿರಣಿ ಬೆಳಗಿನಿಂದ ಒಂದೇ ಸಮ ಓಡುತ್ತಿತ್ತು. ನಾವಿಬ್ಬರೂ ಒಳಗೇ ಇದ್ದೆವು. ಸಂಜೆ ಎದುರುಮನೆಯ ತುಂಗಮ್ಮ ಹಪ್ಪಳದ ಉದ್ದು ಬೀಸಿಸಲು ಬಂದು ಹೇಳಿದರು: “ಏನೇ ವಿಶಾಲ, ಅತಿಥಿಗಳನ್ನ ಇಷ್ಟು ಬೇಗ ಕಳಿಸಿಬಿಟ್ಯಾ? ನಿಮ್ಮ ಕಲ್ಲಿನವನು ಬಂದಿದ್ದನಲ್ಲ. ಒಗೆದ ಅಂಗಿ, ಜೊತೆಗೆ ರುಮಾಲಿನ ಹಿರಿಯರೊಬ್ಬರು, ಹೂವು ಹಣ್ಣಿನ ಬುಟ್ಟಿ. ನಿಮ್ಮ ಬೀದಿ ಕಡೆ ಗೋಡೆಗೆ ಕೈಯಿಟ್ಟುಕೊಂಡು ನಿಂತಿದ್ದ. ಆಮೇಲೆ ಜಗಲಿ ಮೇಲೆ ಕೂತಿದ್ದರಪ್ಪ ಇಬ್ಬರೂ.”

ಅಕ್ಕ ಹಿಟ್ಟಿನ ಕೈಯಲ್ಲೇ ಓಡಿದಳು. ಬಸ್ಸು ಹೋಗಿತ್ತು. ಬಸ್ಸು ನಿಲ್ಲುವಲ್ಲಿ ಟೀ ಮಾರುವವನು, ಹಿರಿಯರು ಬಹಳ ಸಿಟ್ಟಿನಲ್ಲಿದ್ದರೆಂದೂ ಹುಡುಗ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದನೆಂದೂ ಹೇಳಿದ. ಒಳಗೆ ಗಿರಣಿ ಓಡುತ್ತಿದ್ದದ್ದು ಅವರಿಗೆ ಕೇಳಿಸಿರಲೇಬೇಕು. ಮನೆಯಲ್ಲಿ ಜನ ಇದ್ದಾರೆ, ಬಾಗಿಲೇ ಇಲ್ಲ. ಹಿರಿಯರ ಮುಂದೆ ಅದಕ್ಕಿಂತ ದೊಡ್ಡ ಉತ್ತರ ಏನು ಬೇಕು? ಹೊರಗಿನವರಿಗೆ ಸುತ್ತು ಬರಬೇಕೆಂದು ಹೇಗೆ ತಿಳಿಯಬೇಕು? ಹೆಣ್ಣು ಕೇಳಲು ಬಂದವರು, ಮುಂಬಾಗಿಲನ್ನೇ ಮುಚ್ಚಿಬಿಟ್ಟ ಮನೆಯ ಹಿಂಬಾಗಿಲು ಹುಡುಕಿಕೊಂಡು ಹೋಗುತ್ತಾರೆಯೇ?

ಬಾಗಿಲು ಮತ್ತೆ ಬೀದಿ ಕಡೆಗೆ ಬಂದ ಬೆಳಿಗ್ಗೆ ಅಕ್ಕ ಕಾಳಾಚಾರಿಯನ್ನು ಕರೆಸಿ ಚೌಕಟ್ಟಿಗೆ ಮೊಳೆ ಹೊಡೆಸಿದಳು. ಗೇಣುದ್ದದ ಕಬ್ಬಿಣದ ಮೊಳೆಗಳು, ಚೌಕಟ್ಟನ್ನು ಹಾದು ಗೋಡೆಯೊಳಗೆ.

“ನೋಡಮ್ಮಾ,” ಎಂದರು ಆಚಾರಿ, ಸುತ್ತಿಗೆ ಎತ್ತುವ ಮೊದಲು. “ಹೊಡೆಯೋದು ನನ್ನ ಕೆಲಸ. ಕೀಳೋದು ಹೊಡೆಸಿದವರ ಕೈಯಿಂದಲೇ ಆಗಬೇಕು, ಬೇರೆಯವರು ಕಿತ್ತರೆ ಬಾಗಿಲು ಊರು ಬಿಟ್ಟೇ ಹೋಗುತ್ತೆ. ಗೊತ್ತಲ್ಲ?”

“ಗೊತ್ತು.”

“ಮೊಳೆ ಹೊಡೆದ ಮನೆ ಏನಾಗುತ್ತೆ ಅನ್ನೋದೂ ಗೊತ್ತಲ್ಲ?”

“ಹೊಡೀರಿ ಆಚಾರ್ರೇ.”

ಎಲ್ಲರಿಗೂ ಗೊತ್ತಿದ್ದದ್ದೇ. ಬಾಗಿಲನ್ನು ಹಿಡಿದು ನಿಲ್ಲಿಸಿದರೆ ಮನೆ ಬಿಗಿಯತೊಡಗುತ್ತದೆ. ಕೆರೆಯ ದಾರಿಯಲ್ಲಿ ಒಂದು ಗಟ್ಟಿಮನೆ ಇದೆ. ಯಾರೋ ಯಾವ ಕಾಲದಲ್ಲೋ ಮೊಳೆ ಹೊಡೆಸಿ ಬಿಟ್ಟದ್ದು. ಗೋಡೆಗಳು ಒಳಗೊಳಗೇ ಬಂದು ಒಂದಕ್ಕೊಂದು ಕೂಡಿಕೊಂಡು, ಈಗ ಅದು ಮಾಡು ಹೊದ್ದ ಮಣ್ಣಿನ ಗಡ್ಡೆ. ಬೇಸಿಗೆಯಲ್ಲಿ ಹೆಂಗಸರು ಅದರ ಮೇಲೆ ಸಂಡಿಗೆ ಒಣಗಿಸುತ್ತಾರೆ. ಒಳಗಿದ್ದವರು ಸಮಯಕ್ಕೆ ಹೊರಗೆ ಬಂದರೋ ಇಲ್ಲವೋ ಎಂಬುದನ್ನು ಯಾರೂ ಮಾತಾಡುವುದಿಲ್ಲ.

ನಮ್ಮ ಮನೆಯಲ್ಲಿ ಮೊದಲು ಹೋದದ್ದು ಕಿಟಕಿಗಳು. ನಿದ್ದೆ ಹತ್ತಿದ ಕಣ್ಣಿನ ಹಾಗೆ ದಿನಕ್ಕೊಂದಿಷ್ಟು ಮುಚ್ಚಿಕೊಂಡು, ಕಡೆಗೆ ಗೋಡೆಯ ಮೇಲೆ ಒಂದು ಗೆರೆ ಉಳಿಯಿತು. ಆಮೇಲೆ ಮೂಲೆಗಳು ಒಳಗೆ ಬಂದವು. ನಾನು ಮಂಚದ ಕಾಲು ಕೊಯ್ದೆ, ಆಮೇಲೆ ಮಂಚವನ್ನೇ ಹೊರಗೆ ಹಾಕಿ ಮಂಡಿ ಮಡಚಿ ಮಲಗಿದೆ. ಗಿರಾಕಿಗಳು ಒಬ್ಬೊಬ್ಬರಾಗಿ ಅಡ್ಡಡ್ಡ ಬರಬೇಕಾಯಿತು. “ನಿಮ್ಮ ಗಿರಣಿಗೆ ಬರೋದಾದರೆ ಹಿಂದಿನ ದಿನ ಉಪವಾಸ ಇರಬೇಕು ಕಣೋ,” ಎಂದು ದಪ್ಪ ಗಿರಾಕಿಯೊಬ್ಬರು ಚೀಲವನ್ನು ಬಾಗಿಲಿಂದಲೇ ಎಸೆದು ಹೋದರು. ಅಕ್ಕ ನಗಲಿಲ್ಲ. ಬೀದಿಯಲ್ಲಿ ಯಾರ ಹೆಜ್ಜೆ ಸದ್ದಾದರೂ ಅವಳ ಕೈ ನಿಲ್ಲುತ್ತಿತ್ತು. ಹೆಜ್ಜೆ ದಾಟಿಹೋದ ಮೇಲೆ ಮತ್ತೆ ನಡೆಯುತ್ತಿತ್ತು. ಹಿಟ್ಟಿನ ಗಿರಣಿಯಲ್ಲಿ ನಡುನಡುವೆ ಕೈ ನಿಂತರೆ ಹಿಟ್ಟು ತರಿಯಾಗುತ್ತದೆ. ಆ ದಿನಗಳಲ್ಲಿ ಊರಿನ ರೊಟ್ಟಿಗಳೆಲ್ಲ ಅಂಚು ಸೀಳಿದವು.

ಅಷ್ಟೇ ಆಗಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಗಿರಣಿಯ ಸದ್ದಿನಲ್ಲಿ ಯಾರಿಗೂ ಕೇಳಿಸುವುದಿಲ್ಲವೆಂದುಕೊಂಡಿದ್ದಳು; ಗಿರಣಿಯಲ್ಲಿ ಬೆಳೆದವರಿಗೆ ತುಟಿ ನೋಡಿದರೆ ಸಾಕು ಎಂಬುದನ್ನು ಮರೆತಿದ್ದಳು. ಕಿವುಡಿ. ಸುಳ್ಳುಬುರುಕಿ. ಒಂದು ಮಾತು ಹೇಳೋಕೆ ಏನಾಗಿತ್ತು ನಿನಗೆ, ‘ನಮ್ಮೂರಲ್ಲಿ ಬಾಗಿಲು ತಿರುಗಾಡುತ್ತೆ, ಸುತ್ತು ಬಾ’ ಅಂತ? ದೊಡ್ಡಸ್ತಿಕೆ ತೋರಿಸೋಕೆ ಹೋದೆ. ಅನುಭವಿಸು. ಒಬ್ಬ ಗಿರಾಕಿಗೂ ಅವಳು ಅಂಥ ಮಾತು ಆಡಿದ್ದಿಲ್ಲ. ಅನ್ನ ಆರಿದ ಮೇಲೆ ಉಣ್ಣುತ್ತಿದ್ದಳು, ಬೇಕಂತಲೇ. ಜ್ವರ ಬಂದರೆ ಕಷಾಯ ಮಾಡಿಕೊಳ್ಳುತ್ತಿರಲಿಲ್ಲ. ನನಗೆ ಒಂದು ಸೀನು ಬಂದರೂ ಮೆಣಸು ಜಜ್ಜುವವಳು.

“ಮೊಳೆ ಕಿತ್ತುಬಿಡಕ್ಕ,” ಎಂದೆ ಒಂದು ದಿನ.

“ಕಿತ್ತ ದಿನವೇ ಅವನು ಬಂದರೆ?”

“ಬಂದರೆ ನಾನು ಹೊರಗೆ ಕೂತಿರ್ತೀನಿ. ಜಗಲಿ ಮೇಲೇ ಮಲಗ್ತೀನಿ.”

“ನಿದ್ದೆ ಮಾಡ್ತೀಯ ನೀನು. ಆಗ ಬರ್ತಾನೆ.”

“ಈಗ ಬಂದ ಅಂತಲೇ ಇಟ್ಟುಕೋ. ಬಾಗಿಲೇನೋ ಇರುತ್ತೆ. ಒಳಗೆ ಬಂದು ಎಲ್ಲಿ ಕೂರ್ತಾನೆ? ನಿನ್ನ ತಲೆ ಮೇಲಾ?”

ಅವಳು ಕೈಯಲ್ಲಿದ್ದ ಮೊರವನ್ನು ನನ್ನತ್ತ ಎಸೆದಳು. ಜಾಗ ಇಲ್ಲದ್ದರಿಂದ ಅದು ಎಸೆದ ಹಾಗಾಗಲಿಲ್ಲ, ಕೈಗೆ ಕೊಟ್ಟ ಹಾಗಾಯಿತು. ಇಬ್ಬರಿಗೂ ನಗು ಬರಬೇಕಿತ್ತು. ಬರಲಿಲ್ಲ.

ಬೆಲ್ಟಿಗೂ ಗೋಡೆಗೂ ನಡುವೆ ಒಂದು ಅಂಗೈ ಹಿಡಿಸುವಷ್ಟು ಜಾಗ ಉಳಿದಿದ್ದಾಗ ಎದುರುಮನೆಯಲ್ಲಿ ಆ ಅನಾಹುತ ನಡೆಯಿತು. ತುಂಗಮ್ಮ ಕರಿಬೇವು ಕೀಳಲು ಹೊರಗೆ ಬಂದಿದ್ದರು. ಅವರ ಯಜಮಾನರು ಶಾಮಣ್ಣನವರು ಬಚ್ಚಲಲ್ಲಿ ಕಾಲು ಜಾರಿ ಬಿದ್ದು ಕೂಗಿದರು. ತುಂಗಮ್ಮ ಓಡಿ ಬಂದರೆ ಬಾಗಿಲು ಇದ್ದಲ್ಲಿ ಇಲ್ಲ. ಮನೆಯ ಸುತ್ತ ಓಡಿದರು, ಕಾಣಲಿಲ್ಲ. ಅದು ಸೌದೆ ಒಟ್ಟಿದ ಗೋಡೆಗೆ ಹೋಗಿ, ಸೌದೆಯ ರಾಶಿಯ ಹಿಂದೆ ಇತ್ತು. ಒಳಗಿನಿಂದ ಕೂಗು, ಹೊರಗಿನಿಂದ ಕೂಗು. ನಾವೆಲ್ಲ ಸೇರಿ ಸೌದೆ ಎಳೆದು ಹಾಕಿ ಒಳಗೆ ಹೋಗುವಷ್ಟರಲ್ಲಿ ಶಾಮಣ್ಣನವರು ತಣ್ಣನೆಯ ಕಲ್ಲಿನ ಮೇಲೆ ಬಿದ್ದು ಬಿದ್ದು ಬೆಳ್ಳಗಾಗಿದ್ದರು. ಸೊಂಟದ ಮೂಳೆ ಮುರಿದಿತ್ತು. ಜೀವ ಉಳಿಯಿತು. ಎದ್ದು ಓಡಾಡುವುದು ಇನ್ನಿಲ್ಲ ಎಂದರು ಡಾಕ್ಟರು.

ಅಂದಿನಿಂದ ತುಂಗಮ್ಮ ಅನ್ನ ಬಿಟ್ಟರು. ನೀರು ಕುಡಿಯುತ್ತಿದ್ದರು, ಗಂಡನಿಗೆ ಉಣಿಸುತ್ತಿದ್ದರು, ತಾವು ತಟ್ಟೆ ಮುಟ್ಟುತ್ತಿರಲಿಲ್ಲ. ಯಾರು ಹೇಳಿದರೂ ಕೇಳಲಿಲ್ಲ. ಅಕ್ಕ ಹೆಸರುಬೇಳೆ ಹಾಕಿ ಗಂಜಿ ಮಾಡಿ, ತುಪ್ಪ ಬಿಟ್ಟು, ಪಾತ್ರೆ ನನ್ನ ಕೈಗೆ ಕೊಟ್ಟು ಹೊರಟಳು. ಬಾಗಿಲು ದಾಟುವಾಗ ಅವಳ ಎರಡೂ ಭುಜ ಚೌಕಟ್ಟಿಗೆ ಉಜ್ಜಿದವು.

ತುಂಗಮ್ಮ ಗಂಡನ ಮಂಚದ ಪಕ್ಕ ನೆಲದ ಮೇಲೆ ಗೋಡೆಗೆ ಮುಖ ಮಾಡಿ ಕೂತಿದ್ದರು. ಅಕ್ಕ ಅವರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು.

“ಒಂದು ತುತ್ತು ತಗೊಳ್ಳಿ.”

“ನನಗೆ ಬೇಡ ಕಣೇ. ಸೌದೆ ಅಲ್ಲಿ ಒಟ್ಟಿಸಿದವಳು ನಾನು. ನನ್ನ ಕಣ್ಣೆದುರಿಗೇ ಇತ್ತು, ಅದರ ಹಿಂದೆ ನೋಡಬೇಕು ಅಂತ ಹೊಳೀಲಿಲ್ಲ. ಇಂಥವಳಿಗೆ ಅನ್ನ ಬೇರೆ ಕೇಡು.”

“ನಾನು ಬಿದ್ದಿದ್ದು ಸೋಪಿನಿಂದ,” ಎಂದರು ಶಾಮಣ್ಣನವರು ಮಂಚದ ಮೇಲಿನಿಂದ. “ಸೌದೆಯಿಂದಲ್ಲ. ಎಷ್ಟು ಸಲ ಹೇಳಿದೆ. ಸೋಪನ್ನ ಯಾರೂ ಏನೂ ಅನ್ನಲ್ಲ ಈ ಮನೇಲಿ.”

“ನೀವು ಸುಮ್ಮನಿರಿ.”

ಅಕ್ಕ ಚಮಚದಲ್ಲಿ ಗಂಜಿ ಆರಿಸುತ್ತ ಮೆಲ್ಲಗೆ ಮಾತಾಡಿದಳು. ಅಂಥ ದನಿ ಅವಳಲ್ಲಿ ಇನ್ನೂ ಉಳಿದಿದೆಯೆಂದು ನನಗೆ ತಿಳಿದಿರಲಿಲ್ಲ. “ನೋಡಿ, ನಿಮಗೆ ಗಾಬರಿಯಾಗಿತ್ತು. ಒಳಗೆ ಅವರು ಕೂಗ್ತಿದ್ದಾರೆ, ಬಾಗಿಲು ಕಾಣ್ತಿಲ್ಲ. ಆ ಹೊತ್ತಿಗೆ ಯಾರಿಗೆ ತಾನೇ ಹೊಳೆಯುತ್ತೆ? ನೀವು ಸುತ್ತು ಓಡಿದಿರಿ. ಕಾಲಲ್ಲಿ ಮುಳ್ಳು ಹೊಕ್ಕಿದೆ, ಅದನ್ನೂ ತೆಗೆಸಿಕೊಂಡಿಲ್ಲ. ಮಾಡೋದನ್ನೆಲ್ಲ ಮಾಡಿದ್ದೀರಿ. ಬಾಗಿಲು ಹೋಗೋದು ನಿಮ್ಮ ಕೈಲಿತ್ತಾ?”

ತುಂಗಮ್ಮ ಮೊದಲ ಸಲ ಗೋಡೆಯಿಂದ ಮುಖ ತಿರುಗಿಸಿದರು. ಕೃತಜ್ಞತೆಯಿಂದಲ್ಲ, ಸಿಟ್ಟಿನಿಂದ.

“ಭಾರಿ ಹೇಳ್ತೀಯಲ್ಲೇ! ಮನೆಗೆ ಮೊಳೆ ಹೊಡೆಸಿಕೊಂಡು ಕೂತಿರೋಳು. ತಮ್ಮನ್ನೂ ಕೂರಿಸಿಕೊಂಡು ಗೋಡೆ ಮಧ್ಯೆ ಅರೆದುಹೋಗ್ತಿದ್ದೀಯ, ನನಗೆ ಬುದ್ಧಿ ಹೇಳೋಕೆ ಬಂದಳು.”

“ನನ್ನ ವಿಷಯ ಬೇರೆ.”

“ಏನು ಬೇರೆ?”

“ನಾನು ಅವನಿಗೆ ಹೇಳಬೇಕಿತ್ತು. ಹೇಳಲಿಲ್ಲ.”

“ಸರಿ. ನಾನು ಅವತ್ತು ಎದುರಿಗೇ ಹಪ್ಪಳ ಒಣಗಿಸ್ತಾ ಕೂತಿದ್ದೆ. ಅವನು ಗೋಡೆಗೆ ಕೈಯಿಟ್ಟುಕೊಂಡು ನಿಂತಿದ್ದನ್ನ ನೋಡಿದೆ. ‘ಹಿತ್ತಲ ಕಡೆ ಹೋಗಪ್ಪಾ’ ಅಂತ ಒಂದು ಮಾತು ಕೂಗಬಹುದಿತ್ತು. ಕೂಗಲಿಲ್ಲ. ನನ್ನನ್ನ ಯಾಕೆ ಬೈಯಲ್ಲ ನೀನು?”

“ನಿಮ್ಮನ್ನ ಯಾಕೆ ಬೈಯಲಿ?” ಅಕ್ಕನಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. “ಅವನಿಗೆ ಗೊತ್ತಿಲ್ಲ ಅನ್ನೋದು ನಿಮಗೆ ಗೊತ್ತಿತ್ತಾ?”

“ಇಲ್ಲ.”

“ಮತ್ತೆ?”

“ಮತ್ತೆ ಅವನು ಅವತ್ತೇ ಬರ್ತಾನೆ ಅಂತ ನಿನಗೆ ಗೊತ್ತಿತ್ತಾ?”

ಅಕ್ಕನ ಕೈಯಲ್ಲಿದ್ದ ಚಮಚ ಪಾತ್ರೆಯ ಅಂಚಿಗೆ ತಗುಲಿ ಸದ್ದಾಯಿತು.

“ನೀನು ಮೊಳೆ ಕೀಳು, ನಾನು ಉಣ್ತೀನಿ,” ಎಂದರು ತುಂಗಮ್ಮ.

“ನೀವು ಮೊದಲು ಉಣ್ಣಿ.”

“ನೀನು ಮೊದಲು ಕೀಳು.”

“ತಾಯಂದಿರಾ,” ಎಂದರು ಶಾಮಣ್ಣನವರು, “ನನಗೆ ಏಳೋಕಾಗಲ್ಲ. ಇಬ್ಬರಲ್ಲಿ ಯಾರಾದರೂ ಸೋಲಿ. ಗಂಜಿ ಆರಿಹೋಗ್ತಿದೆ.”

ಅಕ್ಕ ಚಮಚವನ್ನು ಕೆಳಗಿಟ್ಟು, ಗಂಜಿಯ ಗಟ್ಟಿಯನ್ನು ಬೆರಳಲ್ಲಿ ತೆಗೆದು ಮಗುವಿಗೆ ಹಿಡಿದ ಹಾಗೆ ತುಂಗಮ್ಮನ ಬಾಯಿಯ ಹತ್ತಿರ ಹಿಡಿದಳು. ತುಂಗಮ್ಮ ಬಹಳ ಹೊತ್ತು ಆ ಬೆರಳುಗಳನ್ನು ನೋಡಿದರು. ಆಮೇಲೆ ಬಾಯಿ ತೆರೆದರು. ತುತ್ತು ಗಂಟಲಲ್ಲಿ ಇಳಿಯುವಾಗ ಅವರ ಕಣ್ಣಿನಿಂದ ನೀರು ಧಾರೆಯಾಗಿ ಹರಿಯಿತು. ಶಾಮಣ್ಣನವರು ಮಾಡು ನೋಡುತ್ತ ಮಲಗಿದ್ದರು.

ಮನೆಗೆ ಬಂದ ಮೇಲೆ ಅಕ್ಕ ಗಿರಣಿ ಹಚ್ಚಲಿಲ್ಲ. ಬಾಗಿಲ ಹತ್ತಿರ ನಿಂತು ಮೊಳೆಯ ತಲೆಗಳನ್ನು ಬೆರಳಿನಿಂದ ಮುಟ್ಟಿ ನೋಡಿದಳು. ತುಕ್ಕು ಹಿಡಿದಿದ್ದವು.

“ಶೇಷು,” ಎಂದಳು, “ಇದನ್ನ ಕಿತ್ತರೆ ಅವನನ್ನ ಬಿಟ್ಟುಕೊಟ್ಟ ಹಾಗಲ್ವೇನೋ?”

“ನನಗೆ ಗೊತ್ತಿಲ್ಲಕ್ಕ.”

“ಬಾಗಿಲು ಹೋದರೆ ಕಾಯೋದೂ ಹೋಗಿಬಿಡುತ್ತಾ ಅಂತ ಭಯ. ಕಾಯ್ತಾ ಇದ್ದರೆ ಅವನು ಇನ್ನೂ ಎಲ್ಲೋ ದಾರಿಯಲ್ಲಿ ಇದ್ದಾನೆ ಅನ್ನಿಸುತ್ತೆ.”

ನನಗೆ ಬೇಕಾದದ್ದು ರಾಗಿಯ ಗಿರಾಕಿಗೆ ಗೋಧಿ ಹಿಟ್ಟು ಕೊಟ್ಟು ನಕ್ಕ ಅಕ್ಕ. ಆ ಅಕ್ಕನನ್ನು ನಾನು ಒಂದೇ ಮನೆಯಲ್ಲಿ ಮಂಡಿ ಮಡಚಿ ಮಲಗಿ ಕಾಯುತ್ತಿದ್ದೆ. ಅದನ್ನು ಹೇಳಲಿಲ್ಲ. ಹಾರೆ, ಸುತ್ತಿಗೆ, ಇಕ್ಕಳ ತಂದು ಅವಳ ಕಾಲ ಬಳಿ ಇಟ್ಟೆ.

ಮೊಳೆಗಳು ಸುಲಭಕ್ಕೆ ಬರಲಿಲ್ಲ. ಗೋಡೆ ಅವನ್ನು ತನ್ನವೇ ಎಂದುಕೊಂಡಂತೆ ಹಿಡಿದಿತ್ತು. ನಾನು ಕೈ ಹಾಕುವಂತಿರಲಿಲ್ಲ, ದೀಪ ಹಿಡಿದು ನಿಲ್ಲುವುದಷ್ಟೇ. ಕಿಟಕಿಗಳಿಲ್ಲದೆ ಮಧ್ಯಾಹ್ನವೂ ಒಳಗೆ ಕತ್ತಲೆ. ಅವಳು ಹಾರೆಯ ತುದಿ ತೂರಿಸಿ ಮೀಟಿದಳು, ಸುತ್ತಿಗೆಯಿಂದ ಅಕ್ಕಪಕ್ಕ ಸಡಿಲಿಸಿದಳು. ಬೆವರಿದಳು. ಪ್ರತಿ ಮೊಳೆಗೂ ತನ್ನನ್ನು ಒಂದೊಂದು ಹೆಸರಿನಿಂದ ಕರೆದುಕೊಂಡಳು, ಈಗ ಗಿರಣಿಯ ಸದ್ದಿನ ಮರೆಯೂ ಇರಲಿಲ್ಲ. ಕೊನೆಯ ಮೊಳೆಗೆ ಸುತ್ತಿಗೆ ಜಾರಿ ಎಡಗೈ ಹೆಬ್ಬೆರಳ ಮೇಲೆ ಬಿತ್ತು.

“ಕೈಲಾಗದವಳೇ…” ಎಂದು ಶುರುಮಾಡಿದಳು. ಮುಂದಿನ ಮಾತು ಬರಲಿಲ್ಲ. ಹೆಬ್ಬೆರಳ ಉಗುರು ಕಪ್ಪಾಗುತ್ತಿತ್ತು. ಅವಳು ಅದನ್ನು ದೀಪದ ಬೆಳಕಿಗೆ ಹಿಡಿದು ನೋಡಿದಳು. ಹಾಗೇ ಬಾಯಿಯ ಹತ್ತಿರ ತಂದು ಉಫ್ ಎಂದು ಊದಿದಳು.

“ತುಂಬಾ ನೋಯ್ತಾ?” ಎಂದಳು.

ನನ್ನನ್ನು ಕೇಳಿದಳೆಂದುಕೊಂಡು ತಲೆಯೆತ್ತಿದೆ. ಅವಳು ನನ್ನ ಕಡೆ ನೋಡುತ್ತಿರಲಿಲ್ಲ.

ಸೆರಗಿನ ಅಂಚು ಹರಿದು ಬೆರಳಿಗೆ ಸುತ್ತಿಕೊಂಡಳು. ಅವಸರವಿಲ್ಲದೆ, ತುದಿಯನ್ನು ಹಲ್ಲಲ್ಲಿ ಕಚ್ಚಿ ಗಂಟು ಹಾಕಿದಳು. ಸ್ವಲ್ಪ ಹೊತ್ತು ಹೊಸಿಲ ಮೇಲೆ ಕೂತು ಸುಧಾರಿಸಿಕೊಂಡಳು. ಆಮೇಲೆ ಎದ್ದು ಕೊನೆಯ ಮೊಳೆಯನ್ನು ಕಿತ್ತಳು.

ಬಾಗಿಲು ಆ ರಾತ್ರಿ ಹೋಗಲಿಲ್ಲ. ಮರುದಿನವೂ ಹೋಗಲಿಲ್ಲ. ಅದಕ್ಕೂ ಅಭ್ಯಾಸ ತಪ್ಪಿತ್ತೋ ಏನೋ. ಅಕ್ಕ ಅದನ್ನು ನೋಡದಿರಲು ಪ್ರಯತ್ನಪಡುತ್ತಿದ್ದಳು, ನೋಡುತ್ತಿದ್ದಳು. ಹೋಗಲಿ ಎಂದೂ ಇತ್ತು, ಹೋಗದಿರಲಿ ಎಂದೂ ಇತ್ತು. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಅನ್ನಕ್ಕೆ ಇಡುತ್ತಿದ್ದಳು, ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಬಿಸಿ ಇರುವಾಗಲೇ ಉಂಡಳು. ಒಂದು ಬೆಳಿಗ್ಗೆ ನಾನು ಕಾಲು ಚಾಚಿದಾಗ ಕಾಲು ಪೂರ್ತಿ ಚಾಚಿಕೊಂಡಿತು. ಗೋಡೆ ಎಲ್ಲಿ ಎಂದು ಎದ್ದು ಕೂತೆ. ಗೋಡೆ ಅಷ್ಟು ದೂರದಲ್ಲಿತ್ತು, ಕಿಟಕಿಗಳ ಗೆರೆ ಬಿರಿದು ಸಣ್ಣಗೆ ಬೆಳಕು ಬಿದ್ದಿತ್ತು. ಬೀದಿ ಕಡೆಯ ಗೋಡೆ ಬರಿದಾಗಿತ್ತು. ಬಾಗಿಲು ಹುಣಸೆ ಮರದ ಕಡೆ, ಯಾವತ್ತೂ ಹೋಗದಿದ್ದ ಕಡೆ ಹೋಗಿ ತೆರೆದುಕೊಂಡಿತ್ತು. ಬಿಸಿಲು ಅಲ್ಲಿಂದ ಬಂದು ಗಿರಣಿಯ ಮೇಲೆ, ಹಿಟ್ಟಿನ ಧೂಳಿನ ಮೇಲೆ ಓರೆಯಾಗಿ ಬಿದ್ದಿತ್ತು.

ಅಕ್ಕ ಎದ್ದು ಬರಿಯ ಗೋಡೆಯ ಮುಂದೆ ನಿಂತಳು. ಅಳುತ್ತಾಳೆಂದುಕೊಂಡೆ.

“ಗಿರಣಿ ಹಚ್ಚು,” ಎಂದಳು.

“ಈಗಲೇ? ಗಿರಾಕಿ ಯಾರೂ ಬಂದಿಲ್ಲ.”

“ಹಚ್ಚೋ. ಅವತ್ತು ಓಡ್ತಿದ್ದಷ್ಟೇ ಜೋರಾಗಿ. ಹಬ್ಬದ ಮುಂಚಿನ ದಿನದ ಹಾಗೆ. ನೀನು ಒಳಗೇ ಇರು, ಅವತ್ತು ನಾನಿದ್ದ ಜಾಗದಲ್ಲಿ.”

ನಾನು ಮೋಟಾರು ಹಾಕಿದೆ, ಬೆಲ್ಟು ಏರಿಸಿದೆ, ಮನೆಯ ಗೋಧಿಯನ್ನೇ ಸುರಿದೆ. ಅವಳು ಹುಣಸೆ ಮರದ ಕಡೆಯಿಂದ ಹೊರಗೆ ಹೋದಳು. ಕಲ್ಲುಗಳು ಗರಗರ ತಿರುಗಿದವು, ನೆಲ ನಡುಗಿತು, ತಾತನ ಫೋಟೊ ಹಗ್ಗದಲ್ಲಿ ಅದುರಿತು. ನಾನು ಹಿಟ್ಟು ಬೀಳುವ ಕಡೆ ಕೂತು ಬೀದಿ ಕಡೆಯ ಗೋಡೆಯತ್ತ ಕಿವಿಗೊಟ್ಟೆ. ಉಸಿರು ಹಿಡಿದು ಕೇಳಿದೆ. ಏನಾದರೂ ಕೇಳಿಸಲಿ ಎಂದು ಒಂದು ಮನಸ್ಸು, ಕೇಳಿಸದಿರಲಿ ಎಂದು ಇನ್ನೊಂದು.

ಅವಳು ಒಳಗೆ ಬಂದಾಗ ಬಲಗೈ ಗೆಣ್ಣುಗಳು ಕೆಂಪಾಗಿದ್ದವು.

“ಕೇಳಿಸ್ತಾ?” ತುಟಿಯಲ್ಲೇ ಕೇಳಿದಳು.

ಇಲ್ಲವೆಂದು ತಲೆಯಾಡಿಸಿದೆ.

“ತುಂಬಾ ಜೋರಾಗಿ ಬಡಿದೆ. ಕೂಗಿದೆ ಕೂಡ.”

“ಏನೂ ಕೇಳಿಸಲಿಲ್ಲಕ್ಕ. ನಿಜವಾಗಲೂ.”

“ನಾನು ನಿನ್ನ ಜಾಗದಲ್ಲಿ ಇದ್ದಿದ್ದರೂ…”

“ಇದ್ದಿದ್ದರೂ ಇಲ್ಲ.”

ಅವಳು ಗೋಧಿ ಚೀಲದ ಮೇಲೆ ಕುಸಿದು ಕೂತಳು. ಅಳು ಬಂದದ್ದು ಆಗ. ಹೊಟ್ಟೆಯ ಒಳಗಿನಿಂದ, ಗಿರಣಿಯ ಸದ್ದನ್ನೂ ಮೀರಿ ಬಂತು. ಅವನು ಹೋದ ಸಂಜೆಯಿಂದ ಅವಳು ಅತ್ತಿರಲೇ ಇಲ್ಲವೆಂಬುದು ನನಗೆ ಆಗ ಹೊಳೆಯಿತು. ಬೈದುಕೊಳ್ಳುವುದರಲ್ಲಿ ಅಳುವುದಕ್ಕೆ ಹೊತ್ತೇ ಸಿಕ್ಕಿರಲಿಲ್ಲ. ಹೇಳದೆ ಉಳಿದ ಮಾತು ಹೇಳದೆಯೇ ಉಳಿದಿತ್ತು, ಅದನ್ನು ಯಾವ ಪರೀಕ್ಷೆ ಮಾಡಿಯೂ ಇಲ್ಲವಾಗಿಸಲು ಆಗುತ್ತಿರಲಿಲ್ಲ. ಆದರೆ ಅವಳು ಈಗ ಅಳುತ್ತಿದ್ದದ್ದು ಅವನಿಗಾಗಿ, ಅವನ ಉದ್ದ ಕೈಗಳಿಗಾಗಿ, ರೆಪ್ಪೆಯ ಮೇಲಿನ ಕಲ್ಲಿನ ಪುಡಿಗಾಗಿ. ನಾನು ಅವಳ ತಲೆಯ ಮೇಲಿನ ಹಿಟ್ಟು ಕೊಡವಿದೆ. ಅದು ಮತ್ತೆ ಬಂದು ಕೂತಿತು.

ಬಹಳ ಹೊತ್ತಾದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, “ಈಗ ನಿಲ್ಲಿಸು,” ಎಂದಳು. “ಇನ್ನೊಂದು ಸಲ ಹೋಗ್ತೀನಿ.”

ಗಿರಣಿ ನಿಂತಿತು. ಕಿವಿಯಲ್ಲಿ ಗುಂಯ್ ಎನ್ನುವುದು ನಿಲ್ಲಲು ಸ್ವಲ್ಪ ಹೊತ್ತು ಹಿಡಿಯಿತು. ಅದಾದ ಮೇಲೆ ಕೇಳಿಸಿತು. ಬೀದಿ ಕಡೆಯ ಗೋಡೆಯಲ್ಲಿ, ಮನುಷ್ಯರು ಕೈ ಎತ್ತಿ ಬಡಿಯುವ ಎತ್ತರದಲ್ಲಿ, ತಟ್, ತಟ್. ಹಿರಿಯರನ್ನು ಹಿಂದೆ ನಿಲ್ಲಿಸಿಕೊಂಡು ಸಂಕೋಚದಿಂದ ಬಡಿಯುವವನ ಹಾಗೆ. ನಾನು ಎದ್ದು ಹೋಗಿ, ಸದ್ದು ಬಂದ ಜಾಗಕ್ಕೆ ಕೈಯಿಟ್ಟು ತಿರುಗಿ ಬಡಿದೆ.

ಹೊರಗೆ ಏನೂ ಇಲ್ಲ. ಯಾರದೋ ಮನೆಯಲ್ಲಿ ಯಾರನ್ನೋ ಕರೆದರು, ಒಂದು ಸೈಕಲ್ಲು ಹಾದುಹೋಯಿತು. ನಾನು ಕಿವಿಯನ್ನು ಮಣ್ಣಿಗೆ ಒತ್ತಿಕೊಂಡು ನಿಂತೆ. ಗೋಡೆಯ ಆಚೆ ಅವಳೂ ಹಾಗೆಯೇ ನಿಂತಿದ್ದಿರಬೇಕು.

ಆಮೇಲೆ ಅವಳ ಬಳೆಗಳು ಗೋಡೆಗೆ ತಾಗಿದ ಸದ್ದಾಯಿತು. ಗೋಡೆಯ ಮೇಲೆ ಅಂಗೈ ಸವರಿಕೊಂಡು ಅವಳು ನಡೆಯತೊಡಗಿದ್ದಳು, ಮನೆಯ ಸುತ್ತ, ಅವಸರವಿಲ್ಲದೆ. ಒಳಗಿನಿಂದ ನಾನೂ ಆ ಸದ್ದಿನ ಜೊತೆ ನಡೆದೆ. ಬಳೆಗಳು ಒಂದು ಮೂಲೆ ತಿರುಗಿದವು, ಅಡುಗೆಮನೆಯ ಹಿಂದೆ ಹಾದವು, ಹಿತ್ತಲಿನಲ್ಲಿ ಒಂದು ಕಡೆ ನಿಂತವು, ಮತ್ತೆ ಹೊರಟವು. ಹುಣಸೆ ಮರದ ಕಡೆಯ ಬಿಸಿಲಿನಲ್ಲಿ ಮೊದಲು ಅವಳ ನೆರಳು ಹೊಸಿಲು ದಾಟಿತು.